ಕೂಡ್ಲು ತೀರ್ಥದ ದಾರಿಯೂ ದಾರಿಯ ಕಾಫಿಯೂ

ಮಳೆಗಾಲವು ಕಳೆದು ಆಕಾಶವು ತಿಳಿಯಾದ ಮೇಲೆ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯರನ್ನು ಹೆಬ್ರಿಯ ಆಚೆಯ ಅಡವಿಯಲ್ಲಿರುವ ಕೂಡ್ಲು ತೀರ್ಥವೆಂಬ ಜಲಪಾತಕ್ಕೆ ಕಾಲುನಡಿಗೆಯಿಂದ ಕರೆದುಕೊಂಡು ಹೋಗುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ. ಇದನ್ನು ಕುರಿತು ಹೆತ್ತವರು ನಮ್ಮನ್ನು ಕೇಳುವ ಪ್ರಶ್ನೆಗಳು ಕೆಲವುಂಟು. ಹೆಣ್ಣುಮಕ್ಕಳಿಗೆ ಕಾಡಿನಲ್ಲಿ ಏನು ಕೆಲಸ? ನೀರಿಗೆ ಬಿದ್ದರೆ ಉತ್ತರ ಕೊಡುವವರು ಯಾರು? ಒಂದು ಲೋಟ ಕಾಫಿಯನ್ನು ಕಾಯಿಸಿ ಕುಡಿಯುವದಕ್ಕೆ ಅಷ್ಟು ದೂರ ಹೋಗಬೇಕೇ? ಪ್ರತಿವರ್ಷವೂ ಕೆಲವರು ಒಪ್ಪಿಗೆಯ ಚೀಟಿಗೆ ಸಹಿ ಹಾಕದೆ ಹಿಂದಕ್ಕೆ ಕಳುಹಿಸುತ್ತಾರೆ. ಅಂಥವರ ಮೇಲೆ ನಮಗೆ ಕೋಪವಿಲ್ಲ. ಮಗಳನ್ನು ಪ್ರೀತಿಸುವವರಿಗೆ ಭಯವಿರುವದು ಸಹಜವೇ. ಆದರೆ ಸಂಗತಿಯನ್ನು ಪೂರ್ಣವಾಗಿ ತಿಳಿದು ಬೇಡವೆನ್ನುವದು ಒಂದು, ತಿಳಿಯದೆ ಬೇಡವೆನ್ನುವದು ಇನ್ನೊಂದು. ಆದಕಾರಣ ಈ ಸಂಚಿಕೆಯ ಕೆಲವು ಪುಟಗಳಲ್ಲಿ ಆ ದಾರಿಯು ಎಂಥದು, ಆ ನೀರು ಎಲ್ಲಿಯದು, ಅಲ್ಲಿ ಭಯಪಡಬೇಕಾದದ್ದು ಯಾವದು, ಭಯಪಡಬೇಕಾಗಿಲ್ಲದ್ದು ಯಾವದು ಎಂಬದನ್ನು ವಿವರಿಸಲು ಯತ್ನಿಸುವೆವು.

ಮೊದಲು ನೀರಿನ ಮಾತು. ಉಡುಪಿ ಪೇಟೆಯ ನಳಗಳಲ್ಲಿ ಬರುವ ನೀರು ಸ್ವರ್ಣಾ ನದಿಯದು. ಹಿರಿಯಡ್ಕದ ಸಮೀಪದಲ್ಲಿ ಬಜೆ ಎಂಬಲ್ಲಿ ಆ ನದಿಗೆ ಅಣೆಕಟ್ಟನ್ನು ಕಟ್ಟಿ, ನೀರನ್ನು ಶುದ್ಧಮಾಡಿ, ಪೇಟೆಗೆ ಹರಿಸುತ್ತಾರೆ. ಮಣಿಪಾಲದ ಗುಡ್ಡದ ತುದಿಯಲ್ಲಿ ನಿಂತು ಕೆಳಗೆ ನೋಡಿದರೆ ಹಸುರಿನ ನಡುವೆ ಬಳುಕಿ ಹೋಗುವ ನದಿಯೂ ಅದೇ. ೨೦೧೯ರ ಬೇಸಿಗೆಯಲ್ಲಿ ಬಜೆಯ ನೀರು ತಳಕ್ಕಿಳಿದಾಗ ಪೇಟೆಯವರು ಕೊಡಗಳನ್ನು ಸಾಲಾಗಿಟ್ಟು ಟ್ಯಾಂಕರಿನ ದಾರಿ ಕಾದದ್ದನ್ನು ನಮ್ಮ ಹುಡುಗಿಯರು ಚಿಕ್ಕವರಾಗಿದ್ದಾಗ ಕಂಡಿದ್ದಾರೆ. ಎಲೀಯ ಪ್ರವಾದಿಯು ಕೆರೀತ್ ಹಳ್ಳದ ಬಳಿಯಲ್ಲಿದ್ದಾಗ ದೇಶದಲ್ಲಿ ಮಳೆಯಿಲ್ಲದೆ ಹಳ್ಳವು ಬತ್ತಿಹೋದ ಕಥೆಯನ್ನು ಭಾನುವಾರದ ಶಾಲೆಯಲ್ಲಿ ಓದಿದವರಿಗೆ ಆ ವರ್ಷ ಅದರ ಅರ್ಥವು ವಿವರಣೆಯಿಲ್ಲದೆ ತಿಳಿಯಿತು. ಹೀಗಿದ್ದರೂ ನಳವನ್ನು ತಿರುಗಿಸುವ ಹುಡುಗಿಯನ್ನು ಕರೆದು, ಈ ನೀರು ಎಲ್ಲಿಂದ ಬರುತ್ತದಮ್ಮಾ ಎಂದು ಕೇಳಿದರೆ, ಟಾಂಕಿಯಿಂದ ಟೀಚರ್ ಎನ್ನುತ್ತಾಳೆ. ಉತ್ತರವು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಲ್ಲಬಾರದೆಂಬದೇ ನಮ್ಮ ಹಟ.

ಕೂಡ್ಲು ತೀರ್ಥವು ಸ್ವರ್ಣೆಯ ತಂಗಿಯೆನ್ನಬಹುದಾದ ಸೀತಾನದಿಯದು. ಎರಡೂ ಪಶ್ಚಿಮಘಟ್ಟದಲ್ಲಿ ಹುಟ್ಟಿ, ಬೇರೆಬೇರೆ ದಾರಿಗಳನ್ನು ಹಿಡಿದು, ಕಟ್ಟಕಡೆಗೆ ಕೋಡಿ ಬೆಂಗ್ರೆಯ ಬಳಿಯಲ್ಲಿ ಒಂದೇ ಅಳಿವೆಯಿಂದ ಕಡಲನ್ನು ಸೇರುತ್ತವೆ. ನಮ್ಮ ಶಾಲೆಗೆ ಕಾಪುವಿನ ಕಡಲ ಕರೆಯಿಂದ ಬರುವ ಹುಡುಗಿಯರಿದ್ದಾರೆ. ೧೯೦೧ರಲ್ಲಿ ಕಟ್ಟಿದ ದೀಪಸ್ತಂಭದ ಬಂಡೆಯ ಮೇಲೆ ಆಡಿ ಬೆಳೆದ ಅವರು, ಅಲೆಯು ಯಾವಾಗ ಕಾಲನ್ನು ಹಿಂದಕ್ಕೆಳೆಯುತ್ತದೆಂಬದನ್ನು ನಮಗೆ ಕಲಿಸಬಲ್ಲರು. ಆದರೆ ನದಿಯ ತಲೆಯನ್ನು ಅವರು ಕಂಡಿಲ್ಲ, ಬಾಯನ್ನು ಮಾತ್ರ ಕಂಡವರು. ಕಾರ್ಕಳದ ಕಡೆಯಿಂದ ಬರುವವರಿಗೆ ಬೆಟ್ಟವು ಮನೆಯ ಹಿತ್ತಲಿದ್ದಂತೆ. ಕಡಲೆಂದರೆ ಕೈಕಾಲು ನಡುಗುತ್ತದೆ. ಈ ಇಬ್ಬರನ್ನು ಒಂದೇ ಸಾಲಿನಲ್ಲಿ ನಡೆಯಿಸಿ ಒಬ್ಬಳ ಕೈಯನ್ನು ಇನ್ನೊಬ್ಬಳಿಗೆ ಹಿಡಿಸಿದರೆ ಭೂಗೋಳದ ಅರ್ಧ ಪಾಠವು ನಾವು ಬಾಯಿ ತೆರೆಯುವ ಮೊದಲೇ ಮುಗಿದಿರುತ್ತದೆ.

ಹೆಸರುಗಳನ್ನು ಕುರಿತು ಒಂದೆರಡು ಮಾತು. ನೀರು ಬೀಳುವ ಸ್ಥಳವನ್ನು ಘಟ್ಟದ ಮೇಲಿನವರು ಅಬ್ಬಿಯೆನ್ನುತ್ತಾರೆ. ತುಳು ಮಾತನಾಡುವವರು ಅರ್ಬಿಯೆನ್ನುತ್ತಾರೆ. ಮಣಿಪಾಲದ ಬಳಿಯಲ್ಲಿ ಮಳೆಗಾಲದಲ್ಲಿ ಮಾತ್ರ ಮೈದುಂಬುವ ಒಂದು ಚಿಕ್ಕ ಜಲಪಾತಕ್ಕೆ ಅರ್ಬಿಯೆಂಬದೇ ಹೆಸರು; ಅದಕ್ಕೆ ಫಾಲ್ಸ್ ಎಂಬದನ್ನೂ ಸೇರಿಸಿ ಹೇಳುವವರು ಜಲಪಾತ ಜಲಪಾತವೆಂದು ಎರಡು ಸಾರಿ ಹೇಳಿದಂತಾಯಿತು. ಇನ್ನು ತೀರ್ಥವೆಂಬದು ಪುಣ್ಯಸ್ನಾನದ ನೀರಿಗೆ ಹಿಂದೂ ಸಹೋದರರು ಕೊಟ್ಟ ಹೆಸರು. ಋಷಿಗಳು ಇಲ್ಲಿ ತಪಸ್ಸು ಮಾಡಿದರೆಂದು ಸ್ಥಳದವರು ಹೇಳುತ್ತಾರೆ. ನಾವು ಅನ್ಯರ ಪುಣ್ಯಸ್ಥಳದಲ್ಲಿ ನಡೆಯುವವರಾದಕಾರಣ ಅಲ್ಲಿ ಕೂಗಾಟ, ಉಗುಳಾಟ, ಕಸ ಚೆಲ್ಲಾಟ ಯಾವದೂ ಕೂಡದೆಂದು ಹೊರಡುವ ಮೊದಲೇ ಆಜ್ಞೆ ಮಾಡುತ್ತೇವೆ.

ಆ ನೀರು ಅಲ್ಲಿಯೇ ಯಾಕೆ ಬೀಳುತ್ತದೆ? ಇದು ಒಳ್ಳೆಯ ಪ್ರಶ್ನೆ. ಉಡುಪಿಯಿಂದ ಪರ್ಕಳ, ಹಿರಿಯಡ್ಕ, ಪೆರ್ಡೂರುಗಳ ಮೂಲಕ ಹೆಬ್ರಿಗೆ ಹೋಗುವ ದಾರಿಯ ಎರಡು ಕಡೆಗಳಲ್ಲಿ ಕಾಣುವದು ಹೆಚ್ಚಾಗಿ ಮುರಕಲ್ಲು. ನಮ್ಮ ಶಾಲೆಯ ಗೋಡೆಗಳೂ ಅದರವೇ. ನೆಲದಲ್ಲಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲತೀನ್ ಶಬ್ದದಿಂದ ಲ್ಯಾಟರೈಟ್ ಎಂಬ ಹೆಸರನ್ನು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಕೊಟ್ಟನು. ಆತನು ನಮ್ಮ ಕನ್ನಡ ಜಿಲ್ಲೆಯಲ್ಲಿಯೂ ೧೮೦೧ರಲ್ಲಿ ಸಂಚರಿಸಿದವನು. ಹೆಬ್ರಿಯನ್ನು ದಾಟಿ ಘಟ್ಟದ ಬುಡಕ್ಕೆ ಬಂದರೆ ಮುರಕಲ್ಲು ಹಿಂದೆ ಸರಿದು ಕರಿಯ ಗಟ್ಟಿ ಬಂಡೆಯು ಮೇಲೆದ್ದು ಬರುತ್ತದೆ. ಕಾರ್ಕಳದಲ್ಲಿ ೧೪೩೨ರಲ್ಲಿ ನಿಲ್ಲಿಸಿದ ನಾಲ್ವತ್ತೆರಡು ಅಡಿಯ ಗೊಮ್ಮಟನನ್ನು ಕಡೆದ ಕಲ್ಲಿನ ಗಟ್ಟಿತನವನ್ನು ನೆನಸಿಕೊಂಡರೆ ಈ ಬಂಡೆಯ ಸ್ವಭಾವವೂ ತಿಳಿದೀತು. ಐದಾರು ನೂರು ವರ್ಷಗಳ ಮಳೆಯು ಆ ಮೂರ್ತಿಯ ಬೆರಳನ್ನು ಸವೆಯಿಸಲಾರದೆ ಹೋಯಿತು. ಅಂಥ ಬಂಡೆಯನ್ನು ನದಿಯು ಬೇಗನೆ ಕೊರೆಯಲಾರದು. ಅಂಚಿನಿಂದ ಧುಮುಕುವದೊಂದೇ ಅದಕ್ಕೆ ಉಳಿದ ದಾರಿ.

ಆ ಅಂಚಾದರೂ ಎಲ್ಲಿಂದ ಬಂತು? ಮಲ್ಪೆಯ ಎದುರಿಗಿರುವ ಸಂತ ಮೇರಿಯ ದ್ವೀಪಕ್ಕೆ ದೋಣಿಯಲ್ಲಿ ಹೋದವರು ಅಲ್ಲಿ ಕಂಬಗಳನ್ನು ಒಟ್ಟಾಗಿ ನಿಲ್ಲಿಸಿದಂತಿರುವ ಬಂಡೆಗಳನ್ನು ಕಂಡಿದ್ದಾರೆ. ಭೂಮಿಯೊಳಗಿಂದ ಉಕ್ಕಿದ ಶಿಲಾರಸವು ತಣಿಯುವಾಗ ಬಿರುಕುಬಿಟ್ಟು ಆದ ಕಂಬಗಳವು. ಮಡಗಾಸ್ಕರವೆಂಬ ಮಹಾದ್ವೀಪವು ಭಾರತದ ಪಡುವಣ ಅಂಚಿನಿಂದ ಬೇರ್ಪಟ್ಟು ದೂರ ಸರಿದ ಕಾಲದಲ್ಲಿ, ಅಂದರೆ ಈಗ್ಗೆ ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಅದು ಉಕ್ಕಿತೆಂದು ಭೂಗರ್ಭಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಹಾಗೆ ಒಡೆದು ಉಳಿದ ಎತ್ತರದ ಅಂಚನ್ನು ಮಳೆಯೂ ಹೊಳೆಗಳೂ ಯುಗಯುಗಗಳಿಂದ ಪೂರ್ವಕ್ಕೆ ಕೊರೆಯುತ್ತ ಬಂದದ್ದರಿಂದಲೇ ನಮ್ಮ ಘಟ್ಟಕ್ಕೆ ಗೋಡೆಯಂಥ ರೂಪವುಂಟಾಯಿತು. ಇಷ್ಟು ಕೋಟಿಗಳನ್ನು ಎಣಿಸುವದು ಆದಿಕಾಂಡಕ್ಕೆ ವಿರೋಧವಲ್ಲವೇ ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದ್ದುಂಟು. ಸೃಷ್ಟಿಕರ್ತನ ದಿನವನ್ನು ನಮ್ಮ ಗೋಡೆಯ ಗಡಿಯಾರದಿಂದ ಅಳೆಯಬೇಕೆಂದು ನಮಗೆ ಕಲಿಸಿದವರು ಯಾರೂ ಇಲ್ಲವೆಂದು ಉತ್ತರ ಕೊಟ್ಟೆವು. ಅವರು ನಕ್ಕು ಸುಮ್ಮನಾದರು.

ಮಳೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕಡಲ ಮೇಲಿನಿಂದ ಬರುವ ತೇವಗಾಳಿಯು ಈ ಗೋಡೆಗೆ ತಾಗಿ ಮೇಲಕ್ಕೇರಿ ತಣಿದು ಸುರಿಯುತ್ತದೆ. ಸುಮಾರು ೬೫೦ ಮೀಟರ್ ಎತ್ತರದಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲ್ಲಿಮೀಟರಿಗೂ ಮಿಕ್ಕ ಮಳೆಯಾಗುತ್ತದೆ. ಇದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸಪ್ಟೆಂಬರಿನ ವರೆಗಿನ ನಾಲ್ಕೇ ತಿಂಗಳುಗಳದು. ಆದಕಾರಣ ಆ ತಿಂಗಳುಗಳಲ್ಲಿ ತೀರ್ಥದ ಕಡೆಗೆ ತಲೆಯಿಟ್ಟೂ ಮಲಗಬಾರದೆಂಬದು ನಮ್ಮ ನಿಯಮ. ಅರಣ್ಯ ಇಲಾಖೆಯವರೂ ಮಳೆಗಾಲದಲ್ಲಿ ಪ್ರವೇಶವನ್ನು ತಡೆಯುವದುಂಟು. ದಶಂಬರ ಕಳೆದ ಮೇಲೆ ಹೋಗಬಾರದೆಂಬದಕ್ಕೆ ಬೇರೆ ಕಾರಣವಿದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಅಡವಿಯಲ್ಲಿ ೧೯೫೭ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನಕಾಯಿಲೆಯು ಉಣುಗುಗಳ ಕಡಿತದಿಂದ ಹರಡುವಂಥದು; ದಶಂಬರದಿಂದ ಮೇ ತಿಂಗಳ ವರೆಗೆ ಅದರ ಹಾವಳಿಯು ಹೆಚ್ಚು. ಹೀಗೆ ಎರಡು ಕಡೆಗಳಿಂದಲೂ ಕತ್ತರಿಸಿದರೆ ನಮಗೆ ಉಳಿಯುವದು ಅಕ್ಟೋಬರದ ಕಡೆಯ ದಿನಗಳೂ ನವಂಬರ ತಿಂಗಳೂ ಮಾತ್ರ. ಆಗ ಹೊಳೆಯಲ್ಲಿ ನೀರಿರುತ್ತದೆ, ರೋಷವಿರುವದಿಲ್ಲ.

ತೀರ್ಥವಿರುವ ಅಡವಿಯು ೧೯೭೪ರಲ್ಲಿ ಸ್ಥಾಪಿತವಾದ ಸೋಮೇಶ್ವರ ಅಭಯಾರಣ್ಯದ ಸೀಮೆಗೆ ಸೇರಿದ್ದು. ಆದದ್ದರಿಂದ ಇಲಾಖೆಯ ಅನುಮತಿಯನ್ನು ಪಡೆದು, ತಪಾಸಣೆಯ ಠಾಣೆಯಲ್ಲಿ ಹೆಸರುಗಳನ್ನು ಬರೆಯಿಸಿ, ಹಣ ಕಟ್ಟಿ, ದಾರಿ ಬಲ್ಲವರೊಬ್ಬರನ್ನು ಕೂಡಿಕೊಂಡೇ ಹೋಗುವದು. ದಾರಿ ತೋರುವವರಿಲ್ಲದೆ ನಾವು ಒಂದು ಹೆಜ್ಜೆಯನ್ನೂ ಇಡುವದಿಲ್ಲ. ನಮ್ಮನ್ನು ಮೂರು ವರ್ಷಗಳಿಂದ ಕರೆದೊಯ್ಯುವವರು ಆ ಘಟ್ಟದ ಬುಡದಲ್ಲೇ ಹುಟ್ಟಿ ಬೆಳೆದವರು. ಶಾಲೆಯಲ್ಲಿ ಅವರು ಕಲಿತದ್ದು ಸ್ವಲ್ಪ; ಆದರೆ ಯಾವ ಮರದ ಕಾಯಿ ಉದುರಿದರೆ ಯಾವ ಪ್ರಾಣಿ ಬಂದೀತೆಂಬದನ್ನು ಅವರಷ್ಟು ಸ್ಪಷ್ಟವಾಗಿ ಹೇಳುವ ಉಪಾಧ್ಯಾಯರನ್ನು ನಾವು ಕಂಡಿಲ್ಲ. ನಡೆಯುವ ಕ್ರಮವು ಹೀಗೆ: ಅವರು ಮುಂದೆ; ಅವರ ಹಿಂದೆ ನಿಧಾನವಾಗಿ ನಡೆಯುವ ಹುಡುಗಿಯರು; ಬೇಗ ನಡೆಯುವವರು ಹಿಂದೆ; ಎಲ್ಲರ ಹಿಂದೆ ಒಬ್ಬ ಉಪಾಧ್ಯಾಯಿನಿ. ಬೇಗ ನಡೆಯುವವರನ್ನು ಮುಂದೆ ಬಿಟ್ಟರೆ ಸಾಲು ಹರಿದುಹೋಗುತ್ತದೆ. ನಿಧಾನದವರು ಮುಂದಿದ್ದರೆ ಸಾಲು ಎಂದಿಗೂ ಹರಿಯದು. ಎಂಟು ಹುಡುಗಿಯರಿಗೆ ಒಬ್ಬ ಉಪಾಧ್ಯಾಯಿನಿಯಂತೆ ಇರತಕ್ಕದ್ದು. ಅರ್ಧ ಗಂಟೆಗೊಮ್ಮೆ ನಿಂತು ಎಣಿಕೆ.

ಅಡವಿಯೊಳಗೆ ಹೊಕ್ಕ ಕೂಡಲೆ ಬೆಳಕು ಕಡಿಮೆಯಾಗಿ ಮಾತು ತಾನಾಗಿಯೇ ತಗ್ಗುತ್ತದೆ. ಹೆಬ್ಬಲಸು, ರಾಮಪತ್ರೆ, ಬೈನೆ, ಉಪ್ಪಾಗೆ, ಮುರುಗಲು, ಬೆತ್ತದ ಪೊದೆ ಇವನ್ನು ತೋರಿಸಿ ಹೆಸರು ಹೇಳಿಸುತ್ತೇವೆ. ಮನೆಯಲ್ಲಿ ಪುನರ್ಪುಳಿಯ ಸಾರನ್ನು ದಿನವೂ ಉಣ್ಣುವ ಹುಡುಗಿಯು ಅದರ ಮರವನ್ನು ಮೊದಲ ಬಾರಿಗೆ ಕಂಡು, ಇದೇನಾ ಅದು ಎಂದು ತೊಗಟೆಯನ್ನು ಮುಟ್ಟಿ ನೋಡುವಾಗ ನಮಗೆ ಬಹಳ ಸಂತೋಷವಾಗುತ್ತದೆ. ಮರದ ತುದಿಯಲ್ಲಿ ಕೆಂದಳಿಲು ಹಾರುವದನ್ನು ಕಾಣದೆ ಬಂದ ವರ್ಷವಿಲ್ಲ. ಸಿಂಗಳೀಕವನ್ನು ಕಾಣುವದು ಅದೃಷ್ಟ. ಕಾಳಿಂಗಸರ್ಪದ ಭಯವು ಹೆತ್ತವರಲ್ಲಿ ಬಹಳವಾಗಿದೆ. ಆ ಹಾವು ಅಲ್ಲಿರುವದು ನಿಜ. ೨೦೦೫ರಲ್ಲಿ ರೋಮುಲಸ್ ವಿಟೇಕರ್ ಎಂಬವರು ಆಗುಂಬೆಯಲ್ಲಿ ಸ್ಥಾಪಿಸಿದ ಮಳೆಕಾಡಿನ ಸಂಶೋಧನ ಕೇಂದ್ರದಲ್ಲಿ ಅದರ ನಡೆನುಡಿಗಳನ್ನು ಅಭ್ಯಾಸ ಮಾಡಿದ್ದಾರೆ. ಅದರ ಮುಖ್ಯ ಆಹಾರವು ಬೇರೆ ಹಾವುಗಳು, ಮನುಷ್ಯನನ್ನು ಕಂಡರೆ ಸರಿದು ಹೋಗುವದೇ ಅದರ ಸ್ವಭಾವ. ನಾಲ್ವತ್ತು ಹುಡುಗಿಯರ ಪಾದಗಳ ಸದ್ದನ್ನು ನೆಲದಲ್ಲಿ ಕೇಳಿದ ಯಾವ ಹಾವೂ ನಮಗಾಗಿ ಕಾದು ಕೂರದು. ಕೈಯನ್ನು ಪೊಟರೆಗಳಲ್ಲಿ ಹಾಕಬಾರದು, ಬಿದ್ದ ಮರವನ್ನು ದಾಟುವಾಗ ಆಚೆ ಬದಿಯನ್ನು ನೋಡಿ ಕಾಲಿಡಬೇಕು, ಇಷ್ಟು ಸಾಕು.

ಹುಡುಗಿಯರನ್ನು ನಿಜವಾಗಿ ಕಾಡುವದು ಉಂಬಳ. ಅದು ಕಚ್ಚುವಾಗ ನೋವೇ ತಿಳಿಯದು; ರಕ್ತವು ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಎಂಬ ವಸ್ತುವು ಅದರ ಜೊಲ್ಲಿನಲ್ಲಿರುವದರಿಂದ ಅದು ಬಿದ್ದುಹೋದ ಮೇಲೂ ಸ್ವಲ್ಪ ಹೊತ್ತು ರಕ್ತವು ಒಸರುತ್ತದೆ. ನೋಡುವದಕ್ಕೆ ಭಯಂಕರ, ಅಪಾಯವು ಅಲ್ಪ. ಹಿಡಿದು ಎಳೆಯದೆ ಉಗುರಿನ ಅಂಚಿನಿಂದ ಅದರ ಬಾಯನ್ನು ಮೆಲ್ಲಗೆ ಸರಿಸಿ ಬಿಡಿಸಬೇಕು. ಅನಂತರ ಸಾಬೂನು ನೀರಿನಿಂದ ತೊಳೆದು ಒತ್ತಿ ಹಿಡಿಯಬೇಕು. ಮೊದಲನೆಯ ಉಂಬಳಕ್ಕೆ ಕಿರಿಚಿದ ಹುಡುಗಿಯೇ ಹಿಂದಿರುಗುವಾಗ ಗೆಳತಿಯ ಕಾಲಿನಿಂದ ನಾಲ್ಕನ್ನು ಬಿಡಿಸಿ ಕೊಡುತ್ತಾಳೆ.

ಈಗ ನಿಜವಾಗಿಯೂ ಭಯಪಡಬೇಕಾದ ವಿಷಯಕ್ಕೆ ಬರೋಣ. ಅದು ಹಾವಲ್ಲ, ಹುಲಿಯಲ್ಲ; ನೀರು. ತೀರ್ಥವು ನೂರು ಅಡಿಗೂ ಮಿಕ್ಕ ಎತ್ತರದಿಂದ ಬಂಡೆಯ ಎರಡು ಗೋಡೆಗಳ ನಡುವೆ ಬಿದ್ದು ಕೆಳಗೆ ಒಂದು ಮಡುವಾಗಿ ನಿಂತಿದೆ. ನೋಡುವದಕ್ಕೆ ಶಾಂತವಾದ ಕೆರೆಯಂತಿರುತ್ತದೆ. ನಮ್ಮ ಕರಾವಳಿಯ ಹಾಗೂ ಮಲೆನಾಡಿನ ಜಲಪಾತಗಳಲ್ಲಿ ಈಜು ಬಲ್ಲ ಯುವಕರೇ ಮುಳುಗಿ ಸತ್ತ ಸುದ್ದಿಯನ್ನು ವರ್ಷವರ್ಷವೂ ಓದುತ್ತೇವೆ. ಈಜು ಬಲ್ಲವನು ಯಾಕೆ ಮುಳುಗುತ್ತಾನೆ? ಒಂಬತ್ತನೆಯ ತರಗತಿಯಲ್ಲಿ ಕಲಿಯುವ ಆರ್ಕಿಮಿಡಿಸನ ನಿಯಮವೇ ಇದಕ್ಕೆ ಉತ್ತರ ಕೊಡುತ್ತದೆ. ಎತ್ತರದಿಂದ ಬಿದ್ದ ನೀರು ಗಾಳಿಯನ್ನು ಬೆರೆಸಿಕೊಂಡು ಬಿಳಿಯ ನೊರೆಯಾಗುತ್ತದೆ. ಗಾಳಿ ಬೆರೆತ ನೀರು ಸಾದಾ ನೀರಿಗಿಂತ ಹಗುರ. ತಳ್ಳಲ್ಪಟ್ಟ ದ್ರವದ ಭಾರವೆಷ್ಟೋ ಅಷ್ಟೇ ಅದು ನಮ್ಮನ್ನು ಮೇಲಕ್ಕೆತ್ತುವದಾದ್ದರಿಂದ ಹಗುರವಾದ ನೀರು ನಮ್ಮನ್ನು ಎತ್ತಿ ಹಿಡಿಯಲಾರದು. ಕೈಕಾಲು ಬಡಿದರೂ ನೊರೆಯಲ್ಲಿ ಹಿಡಿತ ಸಿಕ್ಕದು. ಇದಲ್ಲದೆ ಬಿದ್ದ ನೀರು ತಳಕ್ಕೆ ಹೋಗಿ, ಮುಂದೆ ಎದ್ದು, ಮೇಲುಭಾಗದಲ್ಲಿ ತಿರುಗಿ ಧಾರೆಯ ಕಡೆಗೇ ಬರುತ್ತದೆ. ಆ ಸುತ್ತಿನಲ್ಲಿ ಸಿಕ್ಕಿದವನನ್ನು ಅದು ಪುನಃ ಪುನಃ ಧಾರೆಯ ಅಡಿಗೇ ಒಯ್ಯುತ್ತದೆ. ಬಂಡೆಯ ಮೇಲಿನ ಪಾಚಿಯು ಮೂರನೆಯ ಶತ್ರು. ನಾಲ್ಕನೆಯದು ಕಣ್ಣಿಗೆ ಕಾಣದ್ದು: ನಾವು ನಿಂತಲ್ಲಿ ಬಿಸಿಲಿರುವಾಗಲೇ ಘಟ್ಟದ ಮೇಲೆ ಮಳೆ ಸುರಿದು ಹೊಳೆಯು ಏರಬಹುದು. ನೀರಿನ ಬಣ್ಣ ಕದಡಿದರೆ, ತರಗೆಲೆಗಳು ಗುಂಪಾಗಿ ತೇಲಿ ಬಂದರೆ, ಸದ್ದಿನ ಸ್ವರ ಬದಲಾದರೆ, ಕಾರಣ ಕೇಳುವದಕ್ಕೆ ನಿಲ್ಲದೆ ಮೇಲಿನ ದಡಕ್ಕೆ ಏರಬೇಕೆಂದು ದಾರಿ ತೋರುವವರು ಪ್ರತಿಸಾರಿಯೂ ಹೇಳುತ್ತಾರೆ.

ಆದಕಾರಣ ನಮ್ಮ ಹುಡುಗಿಯರು ಮಡುವಿಗೆ ಇಳಿಯುವದಿಲ್ಲ. ಕೆಳಗಡೆ ಹೊಳೆಯು ಸಣ್ಣ ಕಲ್ಲುಗಳ ಮೇಲೆ ಹರಿದು ಹೋಗುವಲ್ಲಿ, ಮೊಣಕಾಲಿನ ವರೆಗೆ, ಇಬ್ಬರು ಉಪಾಧ್ಯಾಯಿನಿಯರ ನಡುವೆ ಕಟ್ಟಿದ ಹಗ್ಗದ ಒಳಗೆ ಮಾತ್ರ ಇಳಿಯಬಹುದು. ಮೊಬೈಲು ಫೋನುಗಳೆಲ್ಲ ಬಸ್ಸಿನಲ್ಲಿಯೇ ಉಳಿಯುತ್ತವೆ. ಚಿತ್ರ ತೆಗೆಯುವವನು ಜಲಪಾತಕ್ಕೆ ಬೆನ್ನುಮಾಡಿ ನಿಲ್ಲುತ್ತಾನೆ, ಮುಖವನ್ನು ಕೈಯಲ್ಲಿರುವ ಯಂತ್ರಕ್ಕೆ ಕೊಡುತ್ತಾನೆ; ಹರಿಯುವ ನೀರಿಗೆ ಬೆನ್ನು ಕೊಡುವದಕ್ಕಿಂತ ದೊಡ್ಡ ಅವಿವೇಕವಿಲ್ಲ. ಹುಡುಗಿಯರು ಇದಕ್ಕೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಹೆಣ್ಣುಮಕ್ಕಳನ್ನು ನೀರಿನಿಂದ ದೂರವಿಟ್ಟೇ ಕಾಪಾಡಬಹುದೆಂದು ಎಣಿಸುವವರಿಗೆ ನಾವು ಹೇಳುವದಿಷ್ಟು: ಇಂದು ನೀವು ಕಳುಹಿಸದ ಮಗಳು ನಾಲ್ಕು ವರ್ಷಗಳ ಮೇಲೆ ಕಾಲೇಜಿನ ಗೆಳತಿಯರೊಂದಿಗೆ ನಿಮ್ಮನ್ನು ಕೇಳದೆ ಅಲ್ಲಿಗೆ ಹೋಗುವಳು. ಆಗ ನೊರೆನೀರಿನ ಸಂಗತಿಯನ್ನು ಅವಳಿಗೆ ಹೇಳುವವರು ಯಾರು?

ಇನ್ನೊಂದು ಸೂಕ್ಷ್ಮ ವಿಷಯವನ್ನು ಮರೆಯಿಡದೆ ಹೇಳುವದು ಒಳ್ಳೆಯದು. ತಿಂಗಳ ದಿನಗಳಲ್ಲಿರುವ ಹುಡುಗಿಯು ತೀರ್ಥಕ್ಕೆ ಹೋಗಕೂಡದೆಂದು ಕೆಲವು ಮನೆಗಳಲ್ಲಿ ಹೇಳುತ್ತಾರೆ. ಕ್ರೈಸ್ತರ ಮನೆಗಳಲ್ಲಿಯೂ ಹೇಳುವವರುಂಟು. ನಾವು ಯಾರನ್ನೂ ಈ ವಿಷಯದಲ್ಲಿ ಕೇಳುವದಿಲ್ಲ, ಯಾರನ್ನೂ ತಡೆಯುವದಿಲ್ಲ. ಬರುವದೋ ಬಿಡುವದೋ ಹುಡುಗಿಯ ಇಷ್ಟ. ಬೇಕಾದ ಸಾಮಗ್ರಿಯು ಉಪಾಧ್ಯಾಯಿನಿಯ ಚೀಲದಲ್ಲಿರುತ್ತದೆ, ಉಪಯೋಗಿಸಿದ್ದನ್ನು ಕಟ್ಟಿ ಹಿಂದಕ್ಕೆ ತರುವ ಚೀಲವೂ ಇರುತ್ತದೆ.

ಕಾಫಿಯ ಮಾತಿಗೆ ಬರೋಣ. ಅಡವಿಯೊಳಗೆ, ಹೊಳೆಯ ದಡದಲ್ಲಿ, ಮೂರು ಕಲ್ಲುಗಳನ್ನಿಟ್ಟು ಬೆಂಕಿ ಮಾಡಿ ಕಾಫಿ ಕಾಯಿಸಿದರೆ ಎಷ್ಟು ಚಂದವೆಂದು ಹುಡುಗಿಯರು ಬೇಡುವದುಂಟು. ಅದು ಆಗದು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾನೂನು ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವದನ್ನೂ, ಉರಿಯುವ ಬೆಂಕಿಯನ್ನು ಬಿಟ್ಟುಹೋಗುವದನ್ನೂ ನಿಷೇಧಿಸಿದೆ. ನವಂಬರದಲ್ಲಿ ನೆಲವು ತೇವವಾಗಿರುತ್ತದಲ್ಲಾ ಎಂದು ವಾದಿಸುವವಳು ಪ್ರತಿ ತರಗತಿಯಲ್ಲಿಯೂ ಒಬ್ಬಳಿರುತ್ತಾಳೆ. ನಮ್ಮ ಕಲ್ಲುಗಳ ಕಪ್ಪು ಗುರುತನ್ನು ನೋಡಿ ಮಾರ್ಚಿ ತಿಂಗಳಲ್ಲಿ ಬಂದವನು ಅಲ್ಲಿಯೇ ಬೆಂಕಿ ಹಚ್ಚಿದರೆ ಆಗ ನೆಲವು ತೇವವಾಗಿರುವದೇ? ಹೀಗೆಂದು ಕೇಳಿದರೆ ಅವಳು ಒಪ್ಪುತ್ತಾಳೆ.

ಆದದ್ದರಿಂದ ನಾವು ಕಾಫಿ ಕಾಯಿಸುವದು ಅಡವಿಯ ಹೊರಗೆ, ದಾರಿಯ ಬದಿಯಲ್ಲಿರುವ ಅಡಿಕೆತೋಟದ ಒಂದು ಮನೆಯ ಅಂಗಳದಲ್ಲಿ. ಅಲ್ಲಿ ಭತ್ತ ಬೇಯಿಸುವ ಹಳೆಯ ಒಲೆಯೊಂದಿದೆ. ಆ ಮನೆಯ ಅಮ್ಮನವರು ಅದನ್ನು ನಮಗೆ ಬಿಟ್ಟುಕೊಡುತ್ತಾರೆ. ಉರಿಸಲು ತೆಂಗಿನ ಗರಿ, ಗೆರಟೆ, ಅಡಿಕೆಯ ಸೋಗೆ ಇವನ್ನೂ ಕೊಡುತ್ತಾರೆ. ಕಾಫಿಯು ವಿಲಾಸಕ್ಕಲ್ಲ. ಅಡವಿಯ ಹೊಳೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಕುಡಿಯತಕ್ಕದ್ದಲ್ಲ. ಇಲಿಜ್ವರ ಮೊದಲಾದವುಗಳ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣುವವಲ್ಲ. ತಂದ ನೀರು ಖಾಲಿಯಾಗಿ, ಬಟ್ಟೆ ಒದ್ದೆಯಾಗಿ, ಹಸಿದು ಬಂದ ಮಕ್ಕಳಿಗೆ ಚೆನ್ನಾಗಿ ಕುದಿದ ನೀರನ್ನು ಬಿಸಿಯಾಗಿ ಕೊಡಬೇಕಾದರೆ, ಅವರು ಬೇಡವೆನ್ನದೆ ಕುಡಿಯುವ ರೂಪದಲ್ಲಿ ಕೊಡಬೇಕಲ್ಲವೇ?

ಮಾಡುವ ಕ್ರಮವನ್ನು ಹೇಳುವೆವು. ನಾಲ್ವತ್ತು ಮಂದಿಗೆ ತಲಾ ೧೫೦ ಮಿಲ್ಲಿಲೀಟರಿನಂತೆ ಆರು ಲೀಟರು ನೀರು. ಇದಕ್ಕೆ ೩೦೦ ಗ್ರಾಂ ಕಾಫಿಪುಡಿ, ಚಿಕೋರಿ ಬೆರೆಸದ್ದು, ರವೆಯಷ್ಟು ದಪ್ಪವಾಗಿ ಪುಡಿಮಾಡಿದ್ದು. ನೀರಿಗೆ ಮೊದಲು ಓಲೆಬೆಲ್ಲವನ್ನು ಹಾಕಿ ಕರಗಿಸಿ, ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಒಲೆಯಿಂದ ಇಳಿಸಿ, ಕುದಿಯು ಅಡಗಿದ ಮೇಲೆ, ನೂರು ಎಣಿಸಿ ಪುಡಿಯನ್ನು ಹಾಕಬೇಕು. ಒಂದೇ ಸಾರಿ ಕಲಕಿ ಮುಚ್ಚಬೇಕು. ಪುಡಿಯನ್ನು ನೀರಿನೊಡನೆ ಕುದಿಸುವದು ನಮ್ಮ ಅನೇಕ ಮನೆಗಳ ಪದ್ಧತಿಯಾದರೂ ಅದು ಒಳ್ಳೆಯದಲ್ಲ. ಕಾಫಿಯ ಪರಿಮಳದ ಅಂಶಗಳೂ ಹುಳಿಯ ಅಂಶಗಳೂ ಬಿಸಿನೀರಿಗೆ ಬೇಗನೆ ಇಳಿಯುತ್ತವೆ. ಕಹಿಯ ಅಂಶಗಳು ನಿಧಾನವಾಗಿ ಇಳಿಯುತ್ತವೆ. ಕುದಿಸಿದರೆ ಪರಿಮಳವು ಹಬೆಯಾಗಿ ಹೋಗಿ ಕಹಿಯೊಂದೇ ಪಾತ್ರೆಯಲ್ಲಿ ಉಳಿಯುತ್ತದೆ. ಐದು ನಿಮಿಷಗಳ ಮೇಲೆ ಮುಚ್ಚಳ ತೆಗೆದು, ಕುದಿಸಿ ಆರಿಸಿದ ತಣ್ಣೀರನ್ನು ಒಂದು ಸೌಟಿನಷ್ಟು ಮೇಲಿನಿಂದ ಚಿಮುಕಿಸಿದರೆ ತೇಲುವ ಪುಡಿಯು ತಳಕ್ಕಿಳಿಯುತ್ತದೆ. ತಣ್ಣೀರು ಭಾರವಾದದ್ದರಿಂದ ಕೆಳಗಿಳಿಯುವಾಗ ಅದನ್ನೂ ಜೊತೆಗೆ ಒಯ್ಯುತ್ತದೆ. ಅನಂತರ ತೆಳುವಾದ ಬಟ್ಟೆಯಲ್ಲಿ ಸೋಸುವದು. ಹಾಲು ಹಾಕುವದಿಲ್ಲ, ಬೆಲ್ಲದ ಹುಳಿಯಿಂದ ಬಿಸಿಹಾಲು ಒಡೆಯುವದುಂಟು, ದಾರಿಯಲ್ಲಿ ಹಾಲನ್ನು ಕಾಯುವದೂ ಕಷ್ಟ. ಮೊದಲ ಗುಟುಕಿಗೆ ಮುಖ ಕಿವಿಚುವವರು ಎರಡನೆಯ ಲೋಟಕ್ಕೆ ಬರುತ್ತಾರೆ, ಆದರೆ ಎರಡನೆಯ ಲೋಟವಿಲ್ಲ. ಇಷ್ಟೆಲ್ಲವನ್ನೂ ಹುಡುಗಿಯರೇ ಮಾಡುತ್ತಾರೆ. ಗಾಜಿನ ಉಷ್ಣಮಾಪಕವನ್ನು ಕೊಟ್ಟು ಪುಡಿ ಹಾಕುವ ಹೊತ್ತಿನ ಶಾಖವನ್ನು ಬರೆಯಿಸುತ್ತೇವೆ.

ಕುಡಿಯುತ್ತ ಕುಳಿತಿರುವಾಗ ಆ ಕಾಫಿಯ ಕಥೆಯನ್ನು ಹೇಳುತ್ತೇವೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಫಕೀರರು ಮಕ್ಕಾ ಯಾತ್ರೆಯಿಂದ ಬರುವಾಗ ಯೆಮನಿನಿಂದ ಏಳು ಬೀಜಗಳನ್ನು ಅಡಗಿಸಿ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬದು ಐತಿಹ್ಯ. ಆ ಬೆಟ್ಟವು ನಾವು ಕುಳಿತ ಘಟ್ಟದ ಆಚೆಯಲ್ಲಿದೆ. ಅಲ್ಲಿಯ ಕಾಫಿಯು ಘಟ್ಟವಿಳಿದು ಮಂಗಳೂರಿಗೆ ಬಂದು, ಅಲ್ಲಿ ಸಂಸ್ಕಾರ ಹೊಂದಿ, ಹ‍ಡಗು ಹತ್ತುತ್ತಿತ್ತು. ಹಾಯಿಹಡಗುಗಳು ಆಫ್ರಿಕಾ ಖಂಡವನ್ನು ಸುತ್ತಿ ಹೋಗುತ್ತಿದ್ದ ಕಾಲದಲ್ಲಿ ತಿಂಗಳುಗಟ್ಟಲೆ ಕಡಲ ತೇವವನ್ನು ಹೀರಿ ಬೀಜಗಳು ಹಳದಿಯಾಗಿ ಉಬ್ಬುತ್ತಿದ್ದವು. ಯುರೋಪಿನವರು ಆ ರುಚಿಗೇ ಹೊಂದಿಕೊಂಡರು. ೧೮೬೯ರಲ್ಲಿ ಸುಯೆಜ್ ಕಾಲುವೆಯು ತೆರೆದು ಪ್ರಯಾಣವು ಚಿಕ್ಕದಾದಾಗ ಆ ರುಚಿಯು ತಪ್ಪಿತು. ಆಮೇಲೆ ನಮ್ಮ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಪಡುಗಾಳಿಗೆ ಬೀಜಗಳನ್ನು ಹರಡಿ, ಕಡಲು ಮಾಡುತ್ತಿದ್ದ ಕೆಲಸವನ್ನು ಗಾಳಿಯಿಂದ ಮಾಡಿಸುವ ಉಪಾಯವನ್ನು ಕಂಡುಕೊಂಡರು. ನಮ್ಮ ಬಟ್ಟೆಗಳು ಒಣಗದಂತೆ ಮಾಡುವ ಗಾಳಿಗೂ ಲೋಕದಲ್ಲಿ ಬೆಲೆಯುಂಟೆಂದು ಕೇಳಿ ಹುಡುಗಿಯರು ನಗುತ್ತಾರೆ.

ಕಾಫಿಯ ಗಿಡವು ಮರಗಳ ನೆರಳಿನಲ್ಲಿ ಬೆಳೆಯತಕ್ಕದ್ದು. ನೆರಳನ್ನು ಉಳಿಸಿಕೊಂಡ ತೋಟವು ನೀರನ್ನು ನೆಲಕ್ಕೆ ಇಳಿಸುತ್ತದೆ. ನೆರಳನ್ನು ಕಡಿದ ತೋಟವು ಮಣ್ಣನ್ನು ಹೊಳೆಗೆ ಇಳಿಸುತ್ತದೆ. ಲೋಟದಲ್ಲಿರುವ ಪಾನೀಯಕ್ಕೂ ಕೋಡಿ ಬೆಂಗ್ರೆಯ ಅಳಿವೆಗೂ ಇರುವ ಸಂಬಂಧವನ್ನು ಇದಕ್ಕಿಂತ ಚಿಕ್ಕದಾಗಿ ನಾವು ಹೇಳಲಾರೆವು.

ಲೋಟದ ಇನ್ನೊಂದು ಕಥೆಯೂ ಇದೆ. ಉಡುಪಿಯ ಹೆಸರನ್ನು ಹೊತ್ತ ಹೋಟೆಲುಗಳು ಮದ್ರಾಸು ಮುಂಬಯಿಗಳಿಗೆ ಕಾಫಿಯ ಪರಿಮಳವನ್ನು ಹಬ್ಬಿಸಿದ ಕಾಲದಲ್ಲಿಯೇ ಅನೇಕ ಕಾಫಿ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಕೆಲವು ಕಡೆಗಳಲ್ಲಿ ಕೆಲವರಿಗೆ ಬೇರೆ ಲೋಟ ಎಂಬ ಪದ್ಧತಿಯಿತ್ತು. ನಮ್ಮ ಅಜ್ಜಿಯವರಂಥವರಿಗೆ ಜಗಲಿಯ ಕೆಳಗೆ, ಗೆರಟೆಯಲ್ಲಿ ನೀರು ಹೊಯ್ಯುತ್ತಿದ್ದ ಮನೆಗಳು ಇದ್ದವು. ಆ ಅಡಿಕೆತೋಟದ ಅಮ್ಮನವರು ಮೊದಲ ವರ್ಷ ನಮ್ಮ ಹುಡುಗಿಯರ ಸಾಲನ್ನು ನೋಡಿ, ಯಾರ ಹೆಸರನ್ನೂ ಕೇಳದೆ, ಒಳಗಿನಿಂದ ತಮ್ಮ ಮನೆಯ ಹಿತ್ತಾಳೆಯ ಲೋಟವನ್ನು ತಂದು, "ನನಗೂ ಸ್ವಲ್ಪ ಹಾಕಿ ಮಕ್ಕಳೇ, ನೀವು ಮಾಡಿದ್ದು ಹೇಗಿದೆ ನೋಡುವ" ಎಂದು ಸಾಲಿನ ಕಡೆಯಲ್ಲಿ ನಿಂತರು. ತಿಬೇರಿಯದ ಸಮುದ್ರದ ದಡದಲ್ಲಿ ಕೆಂಡದ ಬೆಂಕಿಯನ್ನು ಮಾಡಿ, ದಣಿದ ಶಿಷ್ಯರನ್ನು ಊಟಕ್ಕೆ ಕರೆದಾತನ ಸಂಗತಿಯನ್ನು ಅಂದು ನಾವು ಓದಬೇಕೆಂದಿದ್ದೆವು. ಓದುವ ಅಗತ್ಯವು ಕಾಣಲಿಲ್ಲ.

ಕುಡಿದಾದ ಮೇಲೆ ಉಳಿದ ಚರಟವನ್ನು ತೋಟದ ಬುಡಕ್ಕೆ ಹಾಕಿ, ಒಲೆಗೆ ನೀರು ಹೊಯ್ದು, ಬೂದಿಯನ್ನು ಕೈಯಿಂದ ಮುಟ್ಟಿ ತಣಿಯಿತೆಂದು ನೋಡಿದ ಮೇಲೆಯೇ ಹೊರಡುವದು. ಈ ವರ್ಷದ ಒಪ್ಪಿಗೆಯ ಚೀಟಿಗಳನ್ನು ಅಕ್ಟೋಬರದ ಮೊದಲನೆಯ ವಾರದಲ್ಲಿ ಕಳುಹಿಸುವೆವು. ಸಂದೇಹವಿರುವ ಹೆತ್ತವರು ಶಾಲೆಗೆ ಬಂದು ಮಾತನಾಡಬಹುದು. ತಾಯಂದಿರಲ್ಲಿ ಇಬ್ಬರು ನಮ್ಮೊಡನೆ ನಡೆಯಲು ಇಷ್ಟಪಟ್ಟರೆ ಬಸ್ಸಿನಲ್ಲಿ ಸ್ಥಳವಿದೆ. ಪಾದವನ್ನು ಬಿಗಿಯಾಗಿ ಹಿಡಿಯುವ ಹಳೆಯ ಬೂಟು, ಉದ್ದವಾದ ಕಾಲುಚೀಲ, ಒಂದು ಜೊತೆ ಒಣಬಟ್ಟೆ, ಎರಡು ಲೀಟರು ಕುದಿಸಿದ ನೀರು, ಮಧ್ಯಾಹ್ನದ ಬುತ್ತಿ ಇಷ್ಟು ಬೇಕು. ಲೋಟವನ್ನು ಪ್ರತಿಯೊಬ್ಬಳೂ ಮನೆಯಿಂದ ತರತಕ್ಕದ್ದು, ಗಾಜಿನದು ಬೇಡ.